ಏಳು ಕಂಪನಿಗೆ ಒಂದೇ ಅಡುಗೆಮನೆ

ಗ್ವಾಕ್ ಬುನ್ರೆ ಅಕ್ಕಿಯನ್ನು ಬರೀ ಕಣ್ಣಿನಿಂದ ನೋಡಿ ಇಳಿಸಿಕೊಂಡವಳಲ್ಲ. ಕಾರ್ಖಾನೆಯ ಅಡುಗೆಮನೆಯ ಮುಂದೆ ಲಾರಿ ಬಂದು ನಿಂತರೆ ತನಗೆ ತೋಚಿದ ಎರಡು ಮೂಟೆಗಳ ಬಾಯಿ ಬಿಚ್ಚಿಸುತ್ತಿದ್ದಳು. ಅಂಗಿಯ ತೋಳು ಮೇಲೇರಿಸಿ, ಬಲಗೈಯನ್ನು ಮೊಳಕೈ ಮುಳುಗುವವರೆಗೆ ತೂರಿಸಿ, ಆಳದಿಂದ ಒಂದು ಹಿಡಿ ಅಕ್ಕಿ ಮೇಲೆ ತಂದು ಅಂಗೈಯಲ್ಲಿ ಹರಡಿ ನೋಡುತ್ತಿದ್ದಳು. ಹದಿನಾರು ವರ್ಷಗಳಿಂದ ಅದೇ ಅಂಗಡಿಯ ಅಕ್ಕಿ, ಒಮ್ಮೆಯೂ ಮೋಸವಾಗಿರಲಿಲ್ಲ.

"ಅಮ್ಮಾವ್ರೆ, ಮೂಟೆಯೊಳಗೆ ನನ್ನ ಹೆಂಡ್ತಿನೇನೂ ಬಚ್ಚಿಟ್ಟಿಲ್ಲ," ಎಂದು ಅಕ್ಕಿಯವನು ಪ್ರತಿ ಸಲವೂ ಹೇಳುತ್ತಿದ್ದ.

"ಇಟ್ಟಿದ್ರೆ ತೂಕದಲ್ಲೇ ಗೊತ್ತಾಗ್ತಿತ್ತು ಬಿಡು," ಎಂದು ಇವಳೂ ಪ್ರತಿ ಸಲವೂ ಹೇಳುತ್ತಿದ್ದಳು.

ಈ ಅಭ್ಯಾಸ ಅವಳಿಗೆ ಬಂದದ್ದು ಮದುವೆಯಿಂದ. ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ, ಅವಳಿಗೆ ಇಪ್ಪತ್ತಾಗಿದ್ದಾಗ, ದಕ್ಷಿಣ ಕೊರಿಯಾದ ನಕ್‌ದೊಂಗ್ ನದಿಯ ದಂಡೆಯ ಒಂದು ಹಳ್ಳಿಯಿಂದ ಸಂಬಂಧ ಬಂತು. ಗಂಡಿನ ಮನೆ ನೋಡಲು ಚಿಕ್ಕಮ್ಮ ಹೋದಳು. ಎದೆಮಟ್ಟದ ಅಕ್ಕಿ ಜಾಡಿ ಬಾಯಿತನಕ ತುಂಬಿತ್ತು. ಗೋಡೆಯ ಹಲಗೆಯ ಮೇಲೆ ಹನ್ನೆರಡು ಜೊತೆ ಹಿತ್ತಾಳೆ ಬಟ್ಟಲು ಹೊಳೆಯುತ್ತಿದ್ದವು. ಹುಡುಗಿ ಅಲ್ಲಿ ಅನ್ನದಲ್ಲೇ ಈಜಬಹುದು ಎಂದು ಚಿಕ್ಕಮ್ಮ ಬಂದು ಹೇಳಿದಳು. ಮದುವೆಯಾದ ಮೂರನೆಯ ಬೆಳಗ್ಗೆ ಬುನ್ರೆ ಅಕ್ಕಿ ತೆಗೆಯಲು ಸೋರೆಬುರುಡೆಯ ಚಿಪ್ಪು ಹಾಕಿದಾಗ ಅದು ಒಳಗೆ ಇಳಿಯಲಿಲ್ಲ. ಮೇಲೆ ಮೂರು ಬೆರಳಿನಷ್ಟು ಅಕ್ಕಿ, ಅದರ ಕೆಳಗೆ ಒಂದು ಚಾಪೆಯ ತುಂಡು, ಅದರ ಕೆಳಗೆ ತಳದವರೆಗೂ ಭತ್ತದ ಹೊಟ್ಟು. ಹಿತ್ತಾಳೆ ಬಟ್ಟಲುಗಳು ಅದೇ ವಾರ ಹಿತ್ತಲ ಗೋಡೆ ದಾಟಿ ಪಕ್ಕದ ಮನೆಗೆ ಹೋದವು. ಅಲ್ಲಿಗೂ ಹೆಣ್ಣಿನ ಕಡೆಯವರು ಬರುವವರಿದ್ದರು.

ಅತ್ತೆಗೆ ನಾಚಿಕೆಯೇನೂ ಆಗಲಿಲ್ಲ. "ಎಲ್ಲರ ಮನೇಲೂ ಹೀಗೇ ಕಣಮ್ಮ. ಮುಂದಿನ ಸುಗ್ಗಿಗೆ ನಿಜವಾಗ್ಲೂ ತುಂಬುತ್ತೆ," ಎಂದಳು.

ಮುಂದಿನ ಸುಗ್ಗಿಗಲ್ಲ, ಅದರ ಮುಂದಿನ ಸುಗ್ಗಿಗೆ ಜಾಡಿ ನಿಜವಾಗಿಯೂ ತುಂಬಿತು. ಅತ್ತೆಯನ್ನು ಸುಳ್ಳುಗಾತಿ ಎನ್ನಲು ಬುನ್ರೆಗೆ ಎಂದೂ ಮನಸ್ಸಾಗಲಿಲ್ಲ. ಆದರೆ ನಡುವೆ ಒಂದು ವಸಂತ ಬಂದು ಹೋಗಿತ್ತು. ಹಳೆಯ ಅಕ್ಕಿ ಮುಗಿದು ಹೊಸ ಬಾರ್ಲಿ ಇನ್ನೂ ಹಸಿರಾಗಿದ್ದ ಆ ತಿಂಗಳುಗಳಲ್ಲಿ ಅವಳು ಹೊಟ್ಟೆಯಲ್ಲಿದ್ದ ಮೊದಲ ಕೂಸನ್ನು ಕಳೆದುಕೊಂಡಳು. ಅದನ್ನು ಯಾರ ತಲೆಗೂ ಕಟ್ಟಲಿಲ್ಲ. ಅಕ್ಕಿಗೆ ಕೈ ಹಾಕಿ ನೋಡುವುದನ್ನು ಮಾತ್ರ ಕಲಿತಳು.

ಗಂಡ ರೈಲುಹಳಿಯ ಕೆಲಸದವನು, ಎಂಬತ್ತರಲ್ಲಿ ಹಳಿಯ ಮೇಲೆಯೇ ಸತ್ತ. ಮರುವರ್ಷ ಅವಳು ಮಗಳನ್ನು ಕರೆದುಕೊಂಡು ಗುಮಿ ಪಟ್ಟಣಕ್ಕೆ ಬಂದು ಹೇದಮ್ ಕಾರ್ಖಾನೆಯ ಊಟದ ಮನೆಯಲ್ಲಿ ಮೂಲಂಗಿ ಹೆಚ್ಚುವ ಕೆಲಸಕ್ಕೆ ಸೇರಿದಳು. ಆಗ ಹೇದಮ್ ಅಂದರೆ ಟಿವಿಯ ಚಿತ್ರಕೊಳವೆ ಮಾಡುವ ಒಂದೇ ಕಂಪನಿ. ಅಧ್ಯಕ್ಷ ಪ್ಯೊ ಇನ್‌ಸೊಕ್ ಅವರು ದೇಗು ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದವರು, ರೈತರ ಮನೆಯ ಮಗ. ಮುಂದೆ ಅವರು ಸರ್ಕ್ಯೂಟ್ ಹಲಗೆಗೆ ಒಂದು ಕಂಪನಿ ಮಾಡಿದರು, ಪೇಜರಿಗೆ ಒಂದು, ಎಲೆಕ್ಟ್ರಾನಿಕ್ ಚಿಪ್‌ಗೆ ಒಂದು, ಕಂಪ್ಯೂಟರಿನ ಪರದೆಗೆ ಒಂದು, ಕೊನೆಗೆ ಕೈಯಲ್ಲಿ ಹಿಡಿದು ಓಡಾಡುವ ಫೋನಿಗೆ ಒಂದು. ಒಂದರ ಮಾಲನ್ನು ಇನ್ನೊಂದು ಕೊಳ್ಳುತ್ತಿತ್ತು. ಇನ್ನೊಂದರ ಸಾಲಕ್ಕೆ ಮತ್ತೊಂದು ಜಾಮೀನು ನಿಲ್ಲುತ್ತಿತ್ತು. ಅಧ್ಯಕ್ಷರು ಇದನ್ನು ಕುಟುಂಬ ಎಂದು ಕರೆದರು. ಪತ್ರಿಕೆಗಳು ದೂರದೃಷ್ಟಿ ಎಂದವು. ಏಳನೆಯದು ಊಟದ ಮನೆ. ಅದನ್ನೂ ಬೇರೆ ಕಂಪನಿ ಮಾಡಿ ಹೇದಮ್ ಆಹಾರ ಎಂದು ಹೆಸರಿಟ್ಟಿದ್ದರು. ಉಳಿದ ಆರೂ ಕಂಪನಿಗಳು ಅದರಿಂದ ಊಟದ ಚೀಟಿ ಕೊಂಡು ತಮ್ಮ ಕೆಲಸಗಾರರಿಗೆ ಹಂಚುತ್ತಿದ್ದವು: ಕೊಳವೆಯವರಿಗೆ ನೀಲಿ, ಹಲಗೆಯವರಿಗೆ ಹಳದಿ, ಪೇಜರಿನವರಿಗೆ ಗುಲಾಬಿ, ಹೀಗೆ.

ಎಂಬತ್ತೆಂಟರಲ್ಲಿ ಬುನ್ರೆ ಮುಖ್ಯ ಅಡುಗೆಯವಳಾದಳು. ಅವಳ ಕೈಕೆಳಗೆ ಮೂವತ್ತು ಹೆಂಗಸರು. ಅವರು ಅವಳನ್ನು ದೊಡ್ಡ ಸೌಟು ಎಂದು ಕರೆಯುತ್ತಿದ್ದರು, ಎದುರಿಗೇ. ಸಂಬಳದ ಪಟ್ಟಿಗೆ, ರಜೆಯ ಅರ್ಜಿಗೆ, ಪ್ರತಿಯೊಂದಕ್ಕೂ ಸಹಿಯ ಬದಲು ಹೆಸರು ಕೆತ್ತಿದ ಮೊಹರು ಒತ್ತಬೇಕಾಗಿತ್ತು. ಅದು ಕಾಗದದ ಮೇಲೆ ಬಿದ್ದ ಮೇಲೆ ನಾನಲ್ಲ ಎನ್ನುವ ಹಾಗಿಲ್ಲ. ಆದರೆ ಅಡುಗೆಯ ಹೆಂಗಸರ ಕೈ ಯಾವಾಗಲೂ ಒದ್ದೆ, ಉಪ್ಪು, ಮೆಣಸಿನಪುಡಿ. ಹಾಗಾಗಿ ಎಲ್ಲರೂ ತಮ್ಮ ಮೊಹರುಗಳನ್ನು ಅವಳಿಗೇ ಒಪ್ಪಿಸಿದ್ದರು. ಮೂವತ್ತೊಂದು ಮೊಹರುಗಳು, ಅವಳದೂ ಸೇರಿ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಎಳ್ಳೆಣ್ಣೆಯ ಪೀಪಾಯಿಗಳ ಹಿಂದೆ ಇರುತ್ತಿದ್ದವು. ಕಚೇರಿಯಿಂದ ಕಾಗದ ಬಂದರೆ ಬುನ್ರೆ ಕೈ ಒರೆಸಿಕೊಂಡು ಮೂವತ್ತೊಂದು ಸಲ ಒತ್ತಿ ಕಳಿಸುತ್ತಿದ್ದಳು. ಯಾರೂ ಏನು ಎತ್ತ ಎಂದು ಕೇಳುತ್ತಿರಲಿಲ್ಲ.

ತೊಂಬತ್ತೇಳರ ಅಕ್ಟೋಬರ್ ಮೊದಲ ಸೋಮವಾರ, ಮಧ್ಯಾಹ್ನದ ತಟ್ಟೆಗಳನ್ನು ತೊಳೆಯುತ್ತಿದ್ದಾಗ ಮ್ಯಾನೇಜರ್ ಬಾನ್ ಒಳಗೆ ಬಂದ. ಮೂವತ್ತೆಂಟರ ಚುರುಕಿನ ಗಂಡಸು. ಅಡುಗೆಮನೆಗೆ ಬಂದರೆ ಬೂಟು ಒದ್ದೆಯಾಗದ ಹಾಗೆ ಹಿಮ್ಮಡಿಯ ಮೇಲೆ ನಡೆಯುತ್ತಿದ್ದ.

"ಅಮ್ಮಾವ್ರೆ, ಕೈ ಒರೆಸ್ಕೊಳ್ಳಿ. ಒಳ್ಳೆ ಸುದ್ದಿ ತಂದಿದ್ದೀನಿ."

"ಒಳ್ಳೆ ಸುದ್ದಿಗೆ ಕೈ ಯಾಕೆ ಒರೆಸ್ಕೋಬೇಕು?"

"ಮೊಹರು ಒತ್ತೋದಿದೆ."

ಸುದ್ದಿ ಇಷ್ಟು. ಕೆಲಸ ಬಿಡುವಾಗ ಬರಬೇಕಾದ ಗ್ರಾಚ್ಯುಟಿಯನ್ನು ಕೆಲಸಗಾರರು ಈಗಲೇ ಫೋನ್ ಕಂಪನಿಯ ಷೇರಾಗಿ ಬದಲಿಸಿಕೊಳ್ಳಬಹುದು. ಹೊರಗೆ ಇಪ್ಪತ್ತು ಸಾವಿರ ವೊನ್ ಇರುವ ಷೇರು ಒಳಗಿನವರಿಗೆ ಹನ್ನೊಂದು ಸಾವಿರಕ್ಕೆ. ಎರಡು ವರ್ಷದಲ್ಲಿ ಮೂರರಷ್ಟಾಗುತ್ತದೆ ಎಂದು ಅಧ್ಯಕ್ಷರೇ ಹೇಳಿದ್ದಾರೆ.

ಬುನ್ರೆ ಕಾಗದವನ್ನು ದೂರ ಹಿಡಿದು ಓದಿದಳು. "ಇಷ್ಟ ಇದ್ದೋರು ಅಂತ ಬರ್ದಿದೆಯಲ್ಲ."

"ಬರ್ದಿದೆ. ಆರು ಕಂಪನಿಯೋರಿಗೂ ಇಷ್ಟ ಆಗಿದೆ. ನಮ್ದೊಂದೇ ಬಾಕಿ."

"ಹೆಂಗಸರನ್ನ ಕೇಳ್ಬೇಕು."

"ಕೇಳ್ತಾ ಕೂತ್ರೆ ಮೂವತ್ತು ಬಾಯಿ, ಮೂವತ್ತು ಮಾತು. ಡಬ್ಬಿ ನಿಮ್ಮ ಹತ್ರಾನೇ ಇದೆ. ಶನಿವಾರದೊಳಗೆ ಕೊಟ್ರೆ ಸಾಕು." ಅವಳ ಮುಖ ನೋಡಿ ಬಾನ್ ದನಿ ತಗ್ಗಿಸಿದ. "ನಾನು ಸುಮ್ನೆ ಹೇಳ್ತಿಲ್ಲಮ್ಮ. ನಂದೂ ಹಾಕಿದ್ದೀನಿ. ನಮ್ಮ ಮಾವ ಗದ್ದೆ ಮಾರಿದ ದುಡ್ಡನ್ನೂ ಅದರಲ್ಲೇ ಹಾಕ್ಸಿದ್ದೀನಿ."

ಅದು ನಿಜವಾಗಿತ್ತು. ಬಾನ್ ಮೋಸಗಾರನಲ್ಲ.

ಅವನು ಹಿಮ್ಮಡಿಯ ಮೇಲೆ ಹೊರಗೆ ಹೋದ ಮೇಲೆ ತೊಟ್ಟಿಯ ಹತ್ತಿರವಿದ್ದ ಮಲ್ಜಾ ಕೇಳಿದಳು. ಅವಳು ಬುನ್ರೆಗಿಂತ ಎರಡು ವರ್ಷಕ್ಕೆ ದೊಡ್ಡವಳು, ತಟ್ಟೆ ತೊಳೆಯುವವರ ಮುಂದಾಳು, ಮೇಲಿನ ಸಾಲಿನಲ್ಲಿ ನಾಲ್ಕು ಹಲ್ಲು ಉಳಿದಿದ್ದವಳು.

"ಏನಂತೆ ದೊಡ್ಡ ಸೌಟು? ಅಳಿಯನ ಥರ ನಗ್ತಾ ಹೋದ."

"ನಮ್ಮ ಗ್ರಾಚ್ಯುಟಿನೆಲ್ಲ ಷೇರು ಮಾಡ್ತಾರಂತೆ."

"ಷೇರು ಅಂದ್ರೆ?"

"ಕಾಗದ."

"ಗ್ರಾಚ್ಯುಟಿನೂ ಕಾಗದಾನೇ ತಾನೆ ಈಗ?"

"ಹೌದು. ಆದ್ರೆ ಆ ಕಾಗದ ಕಂಪನಿ ನಮಗೆ ಕೊಡ್ಬೇಕು ಅನ್ನುತ್ತೆ. ಈ ಕಾಗದ ನಾವು ಕಂಪನಿಗೆ ಕೊಟ್ವಿ ಅನ್ನುತ್ತೆ."

ಮಲ್ಜಾ ಉಜ್ಜಿದ ತಟ್ಟೆಯನ್ನು ರಾಶಿಗೆ ಸೇರಿಸಿದಳು. "ನಂಗೆ ಆ ದುಡ್ಡಲ್ಲಿ ಹಲ್ಲು ಕಟ್ಟಿಸ್ಕೋಬೇಕು ಅಷ್ಟೆ ಕಣೇ. ಜೀವಮಾನವೆಲ್ಲ ಕಿಮ್ಚಿ ಹಾಕಿ, ಕೊನೆಗೆ ಅದನ್ನ ಕಚ್ಚೋಕಾಗ್ದೆ ಸಾಯೋದು ಬೇಡ. ನೀನು ಹೇಗೆ ಮಾಡ್ತೀಯೋ ಹಾಗೆ. ಮೊಹರು ನಿನ್ನ ಡಬ್ಬೀಲಿ ಇಟ್ಟಾಗ್ಲೇ ತಲೆನೂ ಅಲ್ಲೇ ಇಟ್ಟಾಯ್ತು."

ಅಂದು ಸಂಜೆಯ ಸಾರಿಗೆ ಬುನ್ರೆಯ ಕೈಯಿಂದ ಉಪ್ಪು ಎರಡು ಸಲ ಬಿತ್ತು. ಹದಿನಾರು ವರ್ಷದಲ್ಲಿ ಅದು ಮೊದಲು.

ಏಳು ಕಂಪನಿಗಳು ಗಟ್ಟಿಯೋ ಅಲ್ಲವೋ ಎಂದು ತೀರ್ಮಾನಿಸಲು ಅವಳು ಯಾರು? ನಾಲ್ಕು ವರ್ಷ ಶಾಲೆಗೆ ಹೋದವಳು. ಬ್ಯಾಂಕಿನಲ್ಲಿ ಕನ್ನಡಕ ಹಾಕಿಕೊಂಡು ಕೂತವರು ಗಟ್ಟಿ ಎಂದಿದ್ದರು. ರಾಜಧಾನಿ ಸೋಲ್‌ನ ಪತ್ರಿಕೆಗಳು ಗಟ್ಟಿ ಎಂದಿದ್ದವು. ಆದರೆ ಅವರಲ್ಲಿ ಯಾರೂ ಅಡುಗೆಮನೆಗೆ ಬಂದಿರಲಿಲ್ಲ, ಮತ್ತು ಅನ್ನದ ವಿಷಯ ಅವಳಿಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು.

ಅನ್ನ ಬೇಯುವುದು ಉಗಿಯ ತಟ್ಟೆಗಳಲ್ಲಿ. ಒಂದು ತಟ್ಟೆ ಐವತ್ತು ಜನಕ್ಕೆ. ಎರಡು ವರ್ಷದ ಹಿಂದೆ ಮಧ್ಯಾಹ್ನಕ್ಕೆ ನಲವತ್ತಾರು ತಟ್ಟೆ ಬೇಯುತ್ತಿತ್ತು, ಎರಡು ಸಾವಿರದ ಮುನ್ನೂರು ಬಾಯಿಗೆ. ಈಗ ಬೇಯುವುದು ಇಪ್ಪತ್ತೊಂಬತ್ತು, ಅದರಲ್ಲೂ ಮಿಗುತ್ತಿತ್ತು. ಚೀಟಿ ಮಾತ್ರ ಕಡಿಮೆಯಾಗಿರಲಿಲ್ಲ. ಉಂಡವರ ಚೀಟಿಗೆ ಒಂದು ರೂಪವಿರುತ್ತದೆ: ಜೇಬಿನಲ್ಲಿ ಮುದುಡಿ, ಬೆವರು ಹೀರಿ, ಮೂಲೆ ಮಡಚಿರುತ್ತದೆ. ಹೋದ ಚಳಿಗಾಲದಿಂದ ತಿಂಗಳ ಕೊನೆಯಲ್ಲಿ ಕಚೇರಿಯಿಂದಲೇ ಚೀಟಿಯ ಕಟ್ಟುಗಳು ಬರತೊಡಗಿದ್ದವು. ನೀಲಿ, ಹಳದಿ, ಗುಲಾಬಿ, ರಬ್ಬರು ಸುತ್ತಿ, ಮಡಿಕೆಯಿಲ್ಲದೆ, ಮುದ್ರಣದ ವಾಸನೆ ಸಮೇತ. ಹೊರಗಿನ ಕೆಲಸಕ್ಕೆ ಹೋದವರದು, ಅವರ ಕಂಪನಿ ದುಡ್ಡು ಕಟ್ಟಿಯಾಗಿದೆ, ಉಂಡ ಲೆಕ್ಕಕ್ಕೇ ಸೇರಿಸಿ ಎಂದು ಬಾನ್ ಹೇಳಿದ್ದ. ಇಂತಿಷ್ಟು ಊಟ ಬಡಿಸಲಾಗಿದೆ ಎಂಬ ಕಾಗದಕ್ಕೆ ಪ್ರತಿ ತಿಂಗಳೂ ಮುಖ್ಯ ಅಡುಗೆಯವಳ ಮೊಹರು ಬೀಳಬೇಕು. ಅವಳು ಚೀಟಿ ಎಣಿಸಿದಳು. ಎಣಿಕೆ ಸರಿಯಿತ್ತು. ಒತ್ತಿದಳು. ಒಂಬತ್ತು ತಿಂಗಳು ಒತ್ತಿದಳು.

ಆ ಬೇಸಿಗೆಯಲ್ಲಿ ಕಂಪನಿಯ ಒಂದು ಔತಣದಲ್ಲಿ ಬಾನ್ ಗ್ಲಾಸು ಎತ್ತಿ ಅವಳನ್ನು ಹೊಗಳಿದ್ದ. "ಹೇದಮ್ ಆಹಾರದ ವ್ಯಾಪಾರ ನೋಡಿ ಬ್ಯಾಂಕಿನೋರು ಕೇಳಿದಷ್ಟು ಸಾಲ ಕೊಟ್ರು. ಆ ದುಡ್ಡು ಸೀದಾ ಫೋನಿಗೆ ಹೋಯ್ತು. ಅಮ್ಮಾವ್ರೆ, ನಿಮ್ಮ ಸಾರೇ ಫೋನು ಹುಟ್ಟಿಸಿದ್ದು." ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಅವಳೂ ನಕ್ಕಿದ್ದಳು. ಈಗ ಅವಳು ಆ ಮಾತನ್ನು ಬೆರಳು ಮಡಚುತ್ತ ಲೆಕ್ಕ ಹಾಕಿದಳು. ಯಾರೂ ಉಣ್ಣದ ಊಟಕ್ಕೆ ಕೊಳವೆ ಕಂಪನಿ ಆಹಾರ ಕಂಪನಿಗೆ ದುಡ್ಡು ಕೊಟ್ಟಂತೆ ಬರೆಯುತ್ತದೆ. ಅದನ್ನು ತೋರಿಸಿ ಆಹಾರ ಕಂಪನಿ ಸಾಲ ತಂದು ಫೋನ್ ಕಂಪನಿಗೆ ಕೊಡುತ್ತದೆ. ಫೋನ್ ಕಂಪನಿ ಕೊಳವೆ ಕಂಪನಿಯ ಸಾಲಕ್ಕೆ ಜಾಮೀನು ನಿಲ್ಲುತ್ತದೆ. ಹನ್ನೆರಡು ಜೊತೆ ಹಿತ್ತಾಳೆ ಬಟ್ಟಲು, ಮೂರು ಮನೆ, ಹಿತ್ತಲ ಗೋಡೆ.

ಆದರೂ ಅವಳು ಖಚಿತವಾಗಿ ಏನನ್ನೂ ಹೇಳುವ ಹಾಗಿರಲಿಲ್ಲ. ಅತ್ತೆಯ ಜಾಡಿ ಕೊನೆಗೆ ತುಂಬಿತ್ತು. ಕೆಲಸಗಾರರು ನಿಜವಾಗಿಯೂ ಹೊರಗೆ ಹೋಗಿರಬಹುದು. ಹಾಗಿದ್ದರೆ ಮೂವತ್ತು ಹೆಂಗಸರಿಗೆ ಸಿಗುವ ಮೂರು ಪಟ್ಟು ಹಣವನ್ನು ಒಬ್ಬ ಅಡುಗೆಯವಳ ಅನುಮಾನ ತಪ್ಪಿಸಿದಂತಾಗುತ್ತದೆ.

ಬುಧವಾರ ಅವಳು ಬಾನ್‌ನ ಹತ್ತಿರ ಬೇರೆ ದಾರಿಯಿಂದ ಹೋದಳು. ಚಳಿಗಾಲದ ಉಪ್ಪಿನಕಾಯಿ ಕಿಮ್ಚಿಗೆ ಎಲೆಕೋಸನ್ನು ರೈತನಿಗೆ ಅಕ್ಟೋಬರಿನಲ್ಲೇ ಹೇಳಿಡಬೇಕು. ಅವಳ ಲೆಕ್ಕ ಏಪ್ರಿಲ್‌ವರೆಗೆ ಬಾಯಿಗೆ ಎರಡು ಕೋಸು.

"ಎಷ್ಟು ಬಾಯಿ ಅಂತ ಹಿಡೀಲಿ?"

"ಹೋದ ವರ್ಷದಷ್ಟೇ. ನಾಲ್ಕು ಸಾವಿರದ ಆರುನೂರು ಕೋಸು ಅಂತ ಬರ್ಕೊಳ್ಳಿ."

"ಬರ್ಕೋಬೋದು. ಆದ್ರೆ ಕೋಸು ಕಾಗದ ಅಲ್ಲ ಮ್ಯಾನೇಜರೆ, ತಿನ್ನೋರಿಲ್ದಿದ್ರೆ ನಾರುತ್ತೆ."

"ತಿಂತಾರೆ ಬಿಡಿ," ಎಂದ ಬಾನ್, ಫೋನ್ ಕಡೆ ನೋಡುತ್ತ. "ನಾಳೆ ಬ್ಯಾಂಕಿನೋರು ಬರ್ತಿದ್ದಾರೆ. ನಲವತ್ತಾರು ತಟ್ಟೆ ಇಡಿ."

ಗುರುವಾರ ಅವಳು ನಲವತ್ತಾರು ತಟ್ಟೆ ಇಟ್ಟಳು. ಹನ್ನೆರಡಕ್ಕೆ ಊಟದ ಮನೆ ಹಳೆಯ ದಿನಗಳ ಹಾಗೆ ತುಂಬಿತು. ಆರು ಕಂಪನಿಯ ಆರು ಬಣ್ಣದ ಅಂಗಿಗಳು, ಬಾಗಿಲಿನಾಚೆಗೂ ಸಾಲು. ಕಪ್ಪು ಕೋಟಿನ ನಾಲ್ವರು ಬ್ಯಾಂಕಿನವರು ಮೇಲಿನ ಗಾಜಿನ ಕೋಣೆಯಿಂದ ನೋಡುತ್ತ ತಲೆಯಾಡಿಸುತ್ತಿದ್ದರು. ಬುನ್ರೆ ತಾನೇ ಸೌಟು ಹಿಡಿದು ನಿಂತಳು. ಹನ್ನೆರಡೂಕಾಲಿಗೆ ನೀಲಿ ಅಂಗಿಯ ಒಬ್ಬ ದಪ್ಪನೆಯವನು ತಟ್ಟೆ ಹಿಡಿದ. ಹೆಬ್ಬೆರಳಿಗೆ ಬಿಳಿ ಪಟ್ಟಿ ಕಟ್ಟಿತ್ತು. ಮೀನು ಎರಡು ಕೇಳಿ ಹಾಕಿಸಿಕೊಂಡ. ಒಂದು ಗಂಟೆಗೆ ಬೂದು ಅಂಗಿಯವರ ಸಾಲಿನಲ್ಲಿ ಅದೇ ಹೆಬ್ಬೆರಳು ಮತ್ತೆ ಬಂತು.

"ಅನ್ನ ಬೇಡಮ್ಮ. ಸಾರು ಒಂದು ಹನಿ ಹಾಕಿ, ತಟ್ಟೆ ಖಾಲಿ ಕಾಣ್ಬಾರ್ದು ಅಂದಿದ್ದಾರೆ."

"ಯಾವ ಊರಿನೋರಪ್ಪ ನೀವು?"

"ದೇಗು ಗೋದಾಮಿನೋರು. ಎಂಟು ಬಸ್ಸು ಬಂದಿದ್ದೀವಿ." ಅವನು ತಲೆ ಬಗ್ಗಿಸಿ ಪಿಸುಗುಟ್ಟಿದ. "ಇನ್ನೂ ಹಸಿರು ಅಂಗಿ ಬಾಕಿ ಇದೆ. ಮೊದಲ್ನೇ ಸಲ ಅಷ್ಟು ಉಣ್ಬಾರ್ದಾಗಿತ್ತು."

ಮಲ್ಜಾ ತಟ್ಟೆ ತೊಟ್ಟಿಯಿಂದ ಕೂಗಿದಳು: "ನಾನೂ ಒಂದು ಅಂಗಿ ಹಾಕ್ಕೊಂಡು ಬರ್ಲಾ? ನಂಗೆ ಯಾವ ಬಣ್ಣ ಒಪ್ಪುತ್ತೆ?" ಹೆಂಗಸರು ನಕ್ಕರು. ಬುನ್ರೆ ನಗಲಿಲ್ಲ. ಆ ದಿನ ಹತ್ತು ತಟ್ಟೆ ಅನ್ನ ಮಿಕ್ಕಿತು.

ಎರಡು ಗಂಟೆಗೆ ಬ್ಯಾಂಕಿನವರನ್ನು ಕಾರ್ಖಾನೆ ತೋರಿಸಲು ಕರೆದುಕೊಂಡು ಹೋದ ಮೇಲೆ ಅಧ್ಯಕ್ಷ ಪ್ಯೊ ಒಬ್ಬರೇ ಅಡುಗೆಮನೆಗೆ ಬಂದರು. ಅದು ಅವರ ಹಳೆಯ ರೂಢಿ. ಹೆಂಗಸರಿಗಾಗಿ ಬುನ್ರೆ ಒಂದು ಕಬ್ಬಿಣದ ಕೊಪ್ಪರಿಗೆಯಲ್ಲಿ ಬೇರೆ ಅನ್ನ ಮಾಡುತ್ತಿದ್ದಳು. ಅದರ ತಳದ ಸೀಕಿಗೆ ನೀರು ಹೊಯ್ದು ಕುದಿಸಿದ ತಿಳಿಯನ್ನು ಕುಡಿಯಲು ಅವರು ವರ್ಷಕ್ಕೆ ನಾಲ್ಕೈದು ಸಲ ಬರುತ್ತಿದ್ದರು. ನಿಂತೇ ಕುಡಿಯುತ್ತಿದ್ದರು. ಈ ಸಲ ಅವರ ಅಂಗಿಯ ಕೊರಳಪಟ್ಟಿ ಎರಡು ಬೆರಳು ಸಡಿಲವಾಗಿತ್ತು.

"ಅನ್ನ ಚೆನ್ನಾಗಿತ್ತು ಬುನ್ರೆಯವ್ರೆ."

"ಅನ್ನ ಚೆನ್ನಾಗೇ ಇತ್ತು. ಒಬ್ಬನೇ ಮೂರು ಸಲ ಸಾಲಲ್ಲಿ ನಿಂತ್ರೆ ಹಸಿವು ಎಲ್ಲಿಂದ ಬರ್ಬೇಕು?"

ಅಧ್ಯಕ್ಷರು ಬಟ್ಟಲಿನ ಮೇಲೆ ಊದಿದರು. ಗೋಡೆಗೆ ಒತ್ತಿ ಇಟ್ಟಿದ್ದ, ಕೈ ಹಚ್ಚದ ಹತ್ತು ಅನ್ನದ ತಟ್ಟೆಗಳ ಕಡೆ ಅವರ ಕಣ್ಣು ಹೋಯಿತು. ಒಂದು ಅಗುಳೂ ಚೆಲ್ಲಬಾರದು ಎಂಬ ಹಲಗೆಯನ್ನು ಊಟದ ಮನೆಯಲ್ಲಿ ಬರೆಸಿ ಹಾಕಿದವರು ಅವರೇ.

ಬುನ್ರೆ ಸೌಟು ಕೆಳಗಿಟ್ಟು ಕೈ ಒರೆಸಿಕೊಂಡಳು. "ಚಳಿಗಾಲದ ಕಿಮ್ಚಿಗೆ ಕೋಸು ಹೇಳ್ಬೇಕು ಅಧ್ಯಕ್ಷರೆ. ಮ್ಯಾನೇಜರು ನಾಲ್ಕು ಸಾವಿರದ ಆರುನೂರು ಅಂದ್ರು. ನಾಳೆ ರೈತ ಬರ್ತಾನೆ. ನಾನು ಎಷ್ಟು ಹೇಳ್ಲಿ?"

ಅಧ್ಯಕ್ಷರು ಬಟ್ಟಲನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತರು.

"ಬಾಯಿಗೆ ಎರಡು ಕೋಸಲ್ವೆ ನಿಮ್ಮ ಲೆಕ್ಕ?"

"ಎರಡು. ಏಪ್ರಿಲ್‌ವರೆಗೆ."

"ಹಾಕಿದ ಕಿಮ್ಚಿ ಕೆಟ್ಟುಹೋದ್ರೆ ನಮ್ಮವ್ವ ಮೂರು ದಿನ ಯಾರ ಹತ್ರಾನೂ ಮಾತಾಡ್ತಿರ್ಲಿಲ್ಲ," ಎಂದರು. ತಿಳಿಯನ್ನು ಕೊನೆಯ ಗುಟುಕಿನವರೆಗೂ ಕುಡಿದರು. "ಎರಡು ಸಾವಿರ ಹೇಳಿ."

ಬಟ್ಟಲನ್ನು ತಾವೇ ನಲ್ಲಿಯ ಕೆಳಗೆ ತೊಳೆದು ಮಗುಚಿಟ್ಟರು. ಬಾಗಿಲವರೆಗೆ ಹೋಗಿ ತಿರುಗಿದರು. "ಮುಂದಿನ ವರ್ಷ ನೋಡ್ತಾ ಇರಿ, ಐದು ಸಾವಿರ ಕೋಸು ಬೇಕಾಗುತ್ತೆ." ಆ ಮಾತನ್ನು ಅವರು ಅವಳನ್ನು ಸಮಾಧಾನ ಮಾಡಲು ಹೇಳಲಿಲ್ಲ. ನಂಬಿಯೇ ಹೇಳಿದರು. ಬುನ್ರೆಗೆ ಅತ್ತೆಯ ದನಿ ನೆನಪಾಯಿತು.

ಎರಡು ಸಾವಿರ ಕೋಸು ಅಂದರೆ ಸಾವಿರ ಬಾಯಿ. ಈಗ ಉಣ್ಣುತ್ತಿರುವ ಸಾವಿರದ ನಾನೂರೈವತ್ತರಲ್ಲೂ ನಾನೂರೈವತ್ತು ಜನ ಚಳಿಗಾಲಕ್ಕೆ ಇರುವುದಿಲ್ಲ. ಬ್ಯಾಂಕಿನವರಿಗೆ ಎಂಟು ಬಸ್ಸು ಜನರನ್ನು ತೋರಿಸಿದ ಮನುಷ್ಯ ಕೋಸಿನ ವಿಷಯದಲ್ಲಿ ಸುಳ್ಳು ಹೇಳಲಾರದೆ ಹೋಗಿದ್ದರು. ಅವಳ ತೋಳು ತಳ ಮುಟ್ಟಿತ್ತು.

ಇನ್ನು ಡಬ್ಬಿಯ ಪ್ರಶ್ನೆ. ಒತ್ತುವುದಿಲ್ಲ ಎಂದು ಕಾಗದವನ್ನು ಹಾಗೇ ಹಿಂದಿರುಗಿಸಿದರೆ ಮುಗಿಯುತ್ತಿತ್ತು. ಆದರೆ ಆಗಲೂ ಮೂವತ್ತು ಜನರ ತಲೆ ಅವಳ ಡಬ್ಬಿಯಲ್ಲೇ ಇದ್ದಂತೆ. ಒಂಬತ್ತು ತಿಂಗಳು ಕೇಳದೆ ಒತ್ತಿದವಳು ಈಗ ಕೇಳದೆ ಒತ್ತದಿರುವುದು ಅವಳಿಗೆ ಸರಿ ಕಾಣಲಿಲ್ಲ.

ಶುಕ್ರವಾರ ಬೆಳಗ್ಗೆ, ಮೂಲಂಗಿ ಸುಲಿಯುವ ಹೊತ್ತಿನಲ್ಲಿ, ಅವಳು ಬಿಸ್ಕತ್ತಿನ ಡಬ್ಬಿಯನ್ನು ಮಣೆಯ ಮೇಲೆ ಇಟ್ಟು ಮುಚ್ಚಳ ತೆಗೆದಳು.

"ಎಲ್ಲರೂ ಕೈ ಒರೆಸ್ಕೊಂಡು ನಿಮ್ಮ ನಿಮ್ಮ ಮೊಹರು ತಗೊಳ್ಳಿ. ನಂಗೆ ಷೇರು ಗೊತ್ತಿಲ್ಲ. ಗೊತ್ತಿರೋದು ಅನ್ನ. ನಲವತ್ತಾರು ತಟ್ಟೆಗೆ ಚೀಟಿ ಬರುತ್ತೆ, ಇಪ್ಪತ್ತೊಂಬತ್ತು ಬೇಯುತ್ತೆ. ನಿನ್ನೆ ಉಂಡೋರು ಬಸ್ಸಲ್ಲಿ ಬಂದೋರು. ಚಳಿಗಾಲಕ್ಕೆ ಸಾವಿರ ಬಾಯಿಗೆ ಕೋಸು ಸಾಕು ಅಂತ ಅಧ್ಯಕ್ಷರೇ ಹೇಳಿದ್ರು. ಮೇಲೆ ಮೂರು ಬೆರಳು ಅಕ್ಕಿ, ಕೆಳಗೆ ಹೊಟ್ಟು, ನಂಗೆ ಕಾಣಿಸೋದು ಇಷ್ಟು. ಮುಂದೆ ತುಂಬಿದ್ರೂ ತುಂಬಬೋದು. ನಾನು ನಂದು ಒತ್ತಲ್ಲ. ನೀವು ಒತ್ತೋದಾದ್ರೆ ಕಾಗದ ಇಲ್ಲಿದೆ."

ಯಾರೂ ಕೈ ಮುಂದೆ ಮಾಡಲಿಲ್ಲ. ಕೆಲವರಿಗೆ ತಮ್ಮ ಮೊಹರು ಯಾವುದೆಂದೇ ಮರೆತುಹೋಗಿತ್ತು.

"ಇದೇನೇ ಕಾಟ," ಎಂದಳು ಮಲ್ಜಾ. "ನೀನು ಒತ್ತಲ್ಲ ಅಂದ್ರೆ ನಂದೂ ಒತ್ಬೇಡ. ಮುಗೀತಲ್ಲ. ಅದನ್ನ ನಾನು ಎಲ್ಲಿ ಇಟ್ಕೊಳ್ಳಿ?"

"ಹಲ್ಲು ನಿನ್ನ ಬಾಯಲ್ಲಿ ತಾನೆ ಇರೋದು? ಮೊಹರು ನಿನ್ನ ಜೇಬಲ್ಲಿರ್ಲಿ."

ಸೊಪ್ಪು ಬಿಡಿಸುತ್ತಿದ್ದ ಹ್ವಾಜಾ ಎದ್ದು ಬಂದು ತನ್ನ ಮೊಹರು ಹುಡುಕಿ ತೆಗೆದಳು. ಅವಳ ಗಂಡ ಫೋನ್ ಕಂಪನಿಯಲ್ಲಿ ಬೆಸುಗೆಯವನು. "ನಮ್ಮೋರು ಸೋಮವಾರಾನೇ ಒತ್ತಿದ್ದಾರೆ. ಒಂದೇ ಮನೇಲಿ ಅವರು ನಂಬಿ ನಾನು ನಂಬ್ದಿದ್ರೆ ಹೇಗಕ್ಕ?" ಎಂದು ಕೇಳಿದಳು.

ಬುನ್ರೆ ಮಸಿಯ ಡಬ್ಬಿಯನ್ನು ಅವಳ ಕಡೆ ಸರಿಸಿದಳು. "ಕೈ ಒಣಗಿದೆಯಾ ನೋಡ್ಕೊ. ಮಸಿ ಹರಡುತ್ತೆ."

ಹ್ವಾಜಾ ಒತ್ತಿದಳು. ಅವಳನ್ನು ನೋಡಿ ಇನ್ನೂ ಎಂಟು ಜನ ಒತ್ತಿದರು. ಉಳಿದವರು ಮೊಹರನ್ನು ಕರವಸ್ತ್ರದಲ್ಲಿ ಸುತ್ತಿ, ಕಾಲುಚೀಲದಲ್ಲಿ ಸಿಕ್ಕಿಸಿ, ಎಲ್ಲೆಲ್ಲೋ ಇಟ್ಟುಕೊಂಡು ಮತ್ತೆ ಮೂಲಂಗಿಗೆ ಹೋದರು.

ಶನಿವಾರ ಒಂಬತ್ತು ಗುರುತಿನ ಕಾಗದ ನೋಡಿ ಬಾನ್ ಕಿರುಚಾಡಲಿಲ್ಲ. ಕುರ್ಚಿಯ ಮೇಲೆ ಕುಸಿದು ಕೂತ. "ಆರು ಕಂಪನಿ ನೂರಕ್ಕೆ ನೂರು ಅಮ್ಮಾವ್ರೆ. ಮೇಲಿನೋರು ನನ್ನ ಕೇಳ್ತಾರೆ, ನಿಮ್ಮ ಅಡುಗೆಯೋರಿಗೆ ಏನು ಗೊತ್ತಾಗಿದೆ ಅಂತ. ನಾನೇನು ಹೇಳ್ಲಿ?"

"ಅನ್ನ ಮಿಕ್ಕಿದೆ ಅಂತ ಹೇಳಿ."

ಅಕ್ಟೋಬರ್ ಕೊನೆಗೆ ಊಟದ ಕಾಗದ ಬಂದಾಗ ಅವಳು ಚೀಟಿಯ ಎಣಿಕೆಗೆ ಮೊಹರು ಒತ್ತಲು ಒಪ್ಪದೆ ತಟ್ಟೆಗಳ ಎಣಿಕೆ ಬರೆದು ಒತ್ತಿದಳು. ಮರುವಾರ ಮುಖ್ಯ ಅಡುಗೆಯವಳ ಜಾಗಕ್ಕೆ ಬೇರೆಯವಳು ಬಂದಳು. ಬುನ್ರೆ ಮಲ್ಜಾಳ ಪಕ್ಕದಲ್ಲಿ ತಟ್ಟೆ ತೊಳೆಯಲು ನಿಂತಳು.

"ಸೌಟು ತೊಟ್ಟಿಗೆ ಬಿತ್ತು," ಎಂದಳು ಮಲ್ಜಾ, ಜಾಗ ಮಾಡಿಕೊಡುತ್ತ.

ಆದರೆ ಕೋಸು ಎರಡು ಸಾವಿರವೇ ಬಂತು. ನವೆಂಬರ್ ಮೂರನೆಯ ವಾರ ಹೆಂಗಸರೆಲ್ಲ ಅಂಗಳದಲ್ಲಿ ಕೂತು ಅದನ್ನು ಉಪ್ಪಿನಲ್ಲಿ ನೆನೆಸಿ, ಮಸಾಲೆ ಹಚ್ಚಿ, ಜಾಡಿ ತುಂಬಿದರು. ಡಿಸೆಂಬರ್ ಎರಡನೆಯ ವಾರ ಫೋನ್ ಕಂಪನಿ ವಾಯಿದೆಗೆ ಬಂದ ಒಂದು ಸಾಲಪತ್ರದ ಹಣ ಕೊಡಲಾಗದೆ ನಿಂತಿತು. ಅದು ನಿಂತ ಮೂರು ದಿನಕ್ಕೆ ಉಳಿದ ಆರೂ ಒಂದರ ಮೇಲೊಂದು ಬಿದ್ದವು. ಒಂದನ್ನೊಂದು ಹಿಡಿದುಕೊಂಡು ನಿಂತವು ಬೀಳುವಾಗಲೂ ಒಟ್ಟಿಗೇ ಬಿದ್ದವು. ಸಂಬಳ ನಿಂತ ಮೇಲೂ ಯಂತ್ರಗಳನ್ನು ಯಾರೂ ಹೊತ್ತೊಯ್ಯದ ಹಾಗೆ ಕಾವಲು ಕೂತ ಕೆಲಸಗಾರರಿಗೆ ಆ ಕಿಮ್ಚಿಯೇ ಊಟವಾಯಿತು. ಮಾರ್ಚ್ ಕೊನೆಗೆ ಮುಗಿಯಿತು.

ವಸಂತದಲ್ಲಿ ತನಿಖೆಯವರು ಬುನ್ರೆಯನ್ನು ದೇಗುವಿಗೆ ಕರೆಸಿದರು. ಮೇಜಿನ ಮೇಲೆ ಅವಳ ಮೊಹರಿದ್ದ ಒಂಬತ್ತು ಕಾಗದಗಳನ್ನು ಹರಡಿದ್ದರು.

"ಇಷ್ಟು ಊಟ ಬಡಿಸಿಲ್ಲ ಅಂತ ನಿಮಗೆ ಗೊತ್ತಿತ್ತಾ?" ಎಂದು ವಯಸ್ಸಿನಲ್ಲಿ ಕಿರಿಯನಾದ ಅಧಿಕಾರಿ ಕೇಳಿದ.

ಗೊತ್ತಿರಲಿಲ್ಲ ಎಂದು ಹೇಳುವಂತೆ ಮಗಳು ಬೆಳಗ್ಗೆಯಿಂದ ಹೇಳಿಕೊಟ್ಟಿದ್ದಳು.

"ಅಕ್ಕಿಗೆ ಮೊಳಕೈವರೆಗೆ ಕೈ ಹಾಕಿ ನೋಡೋಳು ನಾನು. ಈ ಕಾಗದಕ್ಕೆ ಹಾಕ್ಲಿಲ್ಲ," ಎಂದಳು ಬುನ್ರೆ. "ಹಾಕಿದ್ರೆ ಮೊದಲ್ನೇ ತಿಂಗಳೇ ಗೊತ್ತಾಗ್ತಿತ್ತು."

ಅಧಿಕಾರಿ ಅದನ್ನು ಬರೆದುಕೊಂಡು, ಓದಿ ಹೇಳಿ, ಮೊಹರು ಒತ್ತಲು ಹೇಳಿದ. ಅವಳು ಕನ್ನಡಕ ಕೇಳಿ ತರಿಸಿಕೊಂಡು ಇನ್ನೊಮ್ಮೆ ತಾನೇ ಓದಿದಳು. ಆಮೇಲೆ ಒತ್ತಿದಳು. ಅವಳ ಮೇಲೆ ಮೊಕದ್ದಮೆ ಆಗಲಿಲ್ಲ. ಅಧ್ಯಕ್ಷರಿಗೆ ಐದು ವರ್ಷ ಶಿಕ್ಷೆಯಾಯಿತು.

ಕಾರ್ಖಾನೆಯ ಜಾಗ ಮಾರಿದ ಮೇಲೆ, ಒಂದೂವರೆ ವರ್ಷಕ್ಕೆ, ಮೊಹರು ಒತ್ತದ ಇಪ್ಪತ್ತೆರಡು ಜನರಿಗೆ ಗ್ರಾಚ್ಯುಟಿಯ ಅರ್ಧದಷ್ಟು ಬಂತು. ಒತ್ತಿದ ಒಂಬತ್ತು ಜನರಿಗೆ ಷೇರಿನ ಕಾಗದ ಉಳಿಯಿತು. ಹ್ವಾಜಾ ಒಂದು ದಿನ ರೈಲು ನಿಲ್ದಾಣದ ಹತ್ತಿರ ಬುನ್ರೆ ಇಟ್ಟಿದ್ದ ಸಾರಿನ ಅಂಗಡಿಗೆ ಬಂದು, ಏನೂ ತಿನ್ನದೆ, ನಿಂತೇ ಹೇಳಿದಳು:

"ಡಬ್ಬಿ ನಿನ್ನ ಹತ್ರಾನೇ ಇಟ್ಕೊಂಡಿದ್ರೆ ನಾನು ಒತ್ತುತ್ತಾನೇ ಇರ್ಲಿಲ್ಲ ಅಕ್ಕ."

ಬುನ್ರೆ ಇಲ್ಲವೆನ್ನಲಿಲ್ಲ. ಒಂದು ಬಟ್ಟಲು ಸಾರು ಬಡಿಸಿ ಮುಂದೆ ಇಟ್ಟಳು. ಹ್ವಾಜಾ ಕೊನೆಗೆ ಕೂತು ಉಂಡಳು.

ಮಲ್ಜಾಳಿಗೆ ಬಂದ ದುಡ್ಡು ಮೇಲಿನ ಸಾಲಿಗೆ ಸಾಕಾಯಿತು, ಕೆಳಗಿನದಕ್ಕೆ ಸಾಲಲಿಲ್ಲ. ಹೊಸ ಹಲ್ಲು ಹಾಕಿಸಿಕೊಂಡ ದಿನ ಅವಳು ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದು ಕಿಮ್ಚಿಯ ಜಾಡಿಯ ಮುಚ್ಚಳ ತೆಗೆದಳು. ದಂಟಿನ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದಳು.

"ಉಪ್ಪು ಕಡಿಮೆ," ಎಂದಳು.